ಸೊಂಟದ ಸ್ಕ್ಯಾನಿಂಗ್ ಏನು ಹೇಳುತ್ತದೆ?



ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಆಲೂಗೆಡ್ಡೆ ಹೊಲದಲ್ಲಿ ಬಿತ್ತನೆಯಿಂದ ಹಿಡಿದು ಗೆಡ್ಡೆ ಆಯುವ ತನಕ ಬಗ್ಗಿಯೇ ದುಡಿಯಬೇಕು. ಮೇಲೆ ಮೂಟೆ ಎತ್ತುವ ಕೆಲಸ ಬೇರೆ. ಸೊಂಟದ ನೋವು ಕಾಲಿಗಿಳಿದಾಗ ಹಾಸನಕ್ಕೆ ಹೋಗಿ ಎಂಆರ್‌ಐ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ (ಉಬ್ಬು), ‘ಡಿಜೆನರೇಷನ್’ (ಸವೆತ) ಎಂದಿದ್ದರೆ ಮನೆಮಂದಿಯೆಲ್ಲ ಕಂಗಾಲು. ಇನ್ನು ಆಪರೇಷನ್ನೇ ಗತಿ ಎಂದುಕೊಳ್ಳುತ್ತಾರೆ. ಬಹಳಷ್ಟು ಜನರಿಗೆ ಆ ಭಯ ಬೇಕಿಲ್ಲ.

ಡಿಸ್ಕ್ ಎಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ. ಎಳನೀರು ಕಾಯಿಯಂತೆ ಹೊರಗೆ ನಾರಿನ ಕಟ್ಟು, ಒಳಗೆ ನೀರು ತುಂಬಿದ ತಿರುಳು. ನಾರು ಹರಿದು ತಿರುಳು ಹೊರಚೆಲ್ಲಿ ನರಕ್ಕೆ ತಾಗಿದರೆ ನೋವು ಕಾಲಿನುದ್ದಕ್ಕೂ ಜಗ್ಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ. ಎಂಆರ್‌ಐ ಕಾಂತಶಕ್ತಿಯಿಂದ ದೇಹದ ನೀರಿನಂಶವನ್ನು ಗುರುತಿಸುವುದರಿಂದ, ಫಿಲ್ಮನ್ನು ಬೆಳಕಿಗೆ ಹಿಡಿದರೆ ನೀರಿರುವ ಡಿಸ್ಕ್ ಬೆಳ್ಳಗೆ, ಒಣಗಿದ್ದು ಕಪ್ಪಗೆ ಕಾಣುತ್ತದೆ.

ಆದರೆ ಕಪ್ಪಗಿದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಸೊಂಟನೋವೇ ಇಲ್ಲದ 3110 ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ಹರೆಯದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆದಿತ್ತು, ಐವತ್ತರವರಲ್ಲಿ ಶೇ. 80, ಎಂಬತ್ತರವರಲ್ಲಿ ಶೇ. 96. ತಲೆ ನರೆತಂತೆ ಡಿಸ್ಕೂ ಸವೆಯುತ್ತದೆ. ಹಾಗಾಗಿ ಅನುಭವಿ ವೈದ್ಯರು ಫಿಲ್ಮಿಗಿಂತ ಮೊದಲು ರೋಗಿಯನ್ನು ನೋಡುತ್ತಾರೆ. ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಕಾಲೆತ್ತುತ್ತಾರೆ. ಹಿಮ್ಮಡಿಯ ಮೇಲೆ, ಆಮೇಲೆ ತುದಿಗಾಲಲ್ಲಿ ನಡೆಸುತ್ತಾರೆ. ಯಾವ ನರ ಸಿಕ್ಕಿಕೊಂಡಿರಬಹುದು ಎಂಬ ಸುಳಿವು ಅಲ್ಲೇ ಸಿಗುತ್ತದೆ. ಅದಕ್ಕೆ ಸ್ಕ್ಯಾನಿಂಗ್ ಹೊಂದಿಕೆಯಾದರೆ ಮಾತ್ರ ಚಿತ್ರಕ್ಕೆ ಬೆಲೆ.

ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಮತ್ತೆ ಎಂಆರ್‌ಐ ಮಾಡಿಸಬೇಕೆ? ನೆದರ್ಲೆಂಡ್ಸ್‌ನ ವೈದ್ಯರು ಇದನ್ನೇ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ವರ್ಷದ ನಂತರ ಚೇತರಿಸಿಕೊಂಡವರಲ್ಲಿ ಶೇ. 35 ಜನರ ಚಿತ್ರದಲ್ಲಿ ಜಾರಿದ ಡಿಸ್ಕ್ ಹಾಗೇ ಇತ್ತು, ಚೇತರಿಸಿಕೊಳ್ಳದವರಲ್ಲಿ ಶೇ. 33. ವಾಸಿಯಾದವರಾರು, ಆಗದವರಾರು ಎಂದು ಚಿತ್ರ ಹೇಳಲಿಲ್ಲ. ಹೊರಚೆಲ್ಲಿದ ತಿರುಳನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ಕಾಲುನೋವು ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ತಗ್ಗುತ್ತದೆ. ಅಷ್ಟು ದಿನ ಹಾಸಿಗೆ ಹಿಡಿಯುವುದು ಬೇಡ, ತಡೆಯುವಷ್ಟು ಓಡಾಡಿಕೊಂಡಿರಬೇಕು. ಸಾಲ ಮಾಡಿ ಮತ್ತೆ ಮತ್ತೆ ಸ್ಕ್ಯಾನಿಂಗ್ ಮಾಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ತಡಮಾಡಬಾರದ ಲಕ್ಷಣಗಳೂ ಇವೆ. ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವುದು, ಜ್ವರದೊಡನೆ ಬೆನ್ನುನೋವು, ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಕಾಣಿಸಿದ ಬೆನ್ನುನೋವು, ಮರದಿಂದ ಬಿದ್ದ ಪೆಟ್ಟು. ಎಲ್ಲಕ್ಕಿಂತ ಅಪಾಯದ್ದು, ಮೂತ್ರ ಕಟ್ಟುವುದು ಇಲ್ಲವೆ ತಿಳಿಯದೆ ಹೋಗುವುದು, ತೊಡೆಸಂದಿ, ಗುದದ್ವಾರದ ಸುತ್ತ ಸ್ಪರ್ಶವೇ ಇಲ್ಲದಿರುವುದು. ಇಂಥವರಿಗೆ ಎಂಆರ್‌ಐ ತುರ್ತಾಗಿ ಆಗಬೇಕು, ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ನಾಚಿಕೆಯಿಂದ ಹೆಂಗಸರು ಇದನ್ನು ಮುಚ್ಚಿಟ್ಟುಕೊಳ್ಳುವುದುಂಟು. ದಯವಿಟ್ಟು ಮನೆಯವರಿಗೆ ಹೇಳಿ, ಎಣ್ಣೆ ತಿಕ್ಕಿಸುತ್ತ ಕೂರದೆ ಅದೇ ರಾತ್ರಿ ಹಾಸನಕ್ಕೆ ಹೊರಡಿ.