ಊರಾಡಳಿತವೂ ಊರ ಪ್ರಾಣಿಗಳೂ



ಪುರಸಭೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ನೆನೆಯುವುದು ನಲ್ಲಿಯ ನೀರನ್ನು, ಬೀದಿಯ ದೀಪವನ್ನು, ಕಂದಾಯದ ಚೀಟಿಯನ್ನು. ಆ ಸಭೆಗೆ ಒಪ್ಪಿಸಿರುವ ಮತ್ತೊಂದು ಕಾರ್ಯವುಂಟು. ಅದು ಕೆಟ್ಟಾಗಲಲ್ಲದೆ ನಮ್ಮ ಗಮನಕ್ಕೆ ಬಾರದು. ಊರೊಳಗೆ ನಮ್ಮೊಡನೆ ಬಾಳುವ ದನ, ನಾಯಿ ಮೊದಲಾದ ಪ್ರಾಣಿಗಳ ನಿಯಂತ್ರಣವೇ ಆ ಕಾರ್ಯ. ಈ ವಿಷಯದಲ್ಲಿ ಊರಾಡಳಿತಕ್ಕೆ ಇರುವ ಅಧಿಕಾರವೆಂಥದು, ಅದರ ಎಲ್ಲೆ ಯಾವುದು, ಅದು ಫಲಿಸಬೇಕಾದರೆ ಏನು ಬೇಕು ಎಂಬ ಮೂರು ಪ್ರಶ್ನೆಗಳನ್ನು ಈ ಹೊತ್ತು ವಿಚಾರಮಾಡೋಣ.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಕೆಲವು ವರ್ಷಗಳ ಹಿಂದೆ ಪರೀಕ್ಷೆಯ ದಿನ ವಿದ್ಯಾರ್ಥಿಯೊಬ್ಬನು ಕಾಲಿಗೆ ಬಟ್ಟೆ ಸುತ್ತಿಕೊಂಡು ನಮ್ಮ ಬಳಿಗೆ ಬಂದನು. ಬೆಳಗ್ಗೆ ಬೀದಿಯ ನಾಯಿಯೊಂದು ಕಚ್ಚಿತ್ತು. ಮನೆಯವರು ಅರಿಸಿನ ಮೆತ್ತಿ ಕಳುಹಿಸಿದ್ದರು. “ಪರೀಕ್ಷೆ ಮುಗಿಸಿಕೊಂಡು ವೈದ್ಯರಲ್ಲಿಗೆ ಹೋಗಪ್ಪಾ” ಎಂದೆವು ನಾವು. ಪಕ್ಕದಲ್ಲಿದ್ದ ಜವಾನನು ನಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಹುಡುಗನನ್ನು ನಲ್ಲಿಯ ಬಳಿಗೆ ಕರೆದೊಯ್ದು, ಸೋಪು ಹಚ್ಚಿ ಗಾಯವನ್ನು ಬಹಳ ಹೊತ್ತು ತೊಳೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋದನು. ಹುಡುಗನು ಕ್ಷೇಮವಾಗಿದ್ದಾನೆ. ಅಂದು ತಿಳಿದವನು ಜವಾನ, ತಿಳಿಯದವರು ಪದವೀಧರರಾದ ನಾವು. ಹುಚ್ಚುನಾಯಿಯ ರೋಗದ ಲಕ್ಷಣಗಳು ಒಮ್ಮೆ ತೋರಿದರೆ ರೋಗಿಯು ಉಳಿಯುವುದು ಅತಿ ವಿರಳ. ಕಚ್ಚಿದೊಡನೆ ಸೋಪು ನೀರುಗಳಿಂದ 15 ನಿಮಿಷ ತೊಳೆದು, ತಡಮಾಡದೆ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದ ದಿನಗಳಲ್ಲಿ ಅದನ್ನು ಪೂರ್ತಿ ಮಾಡಿದರೆ ಅದೇ ರೋಗವನ್ನು ತಡೆಯಬಹುದು. ಮನುಷ್ಯರಿಗೆ ತಗಲುವ ಈ ರೋಗದಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದಲೇ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾಯಿಗಳ ನಿಯಂತ್ರಣವೆಂದರೆ ಪ್ರಾಣದ ಪ್ರಶ್ನೆಯೆಂಬುದು ಇದರಿಂದ ವಿಶದವಾಗುತ್ತದೆ.

ಇನ್ನು ಅಧಿಕಾರದ ಮಾತು. ನಮ್ಮ ದೇಶದಲ್ಲಿ ಇದರ ಹಳೆಯ ರೂಪ ಬಂದೀದೊಡ್ಡಿ. 1871ರ ಜಾನುವಾರು ಅತಿಕ್ರಮ ಕಾಯಿದೆಯ ಕ್ರಮವನ್ನು ನೋಡಿರಿ. ಪೈರು ಮೇಯ್ದ ದನವನ್ನು ಹಿಡಿದವನು 24 ಗಂಟೆಗಳೊಳಗೆ ದೊಡ್ಡಿಗೆ ಸೇರಿಸಬೇಕು. ಒಡೆಯನು ದಂಡವನ್ನೂ ಮೇವಿನ ಖರ್ಚನ್ನೂ ಕೊಟ್ಟು ಬಿಡಿಸಿಕೊಳ್ಳಬೇಕು. 7 ದಿನ ಯಾರೂ ಬಾರದಿದ್ದರೆ ಪೋಲೀಸು ಠಾಣೆಗೆ ವರದಿ ಹೋಗಿ, ಪ್ರಕಟಣೆ ಹೊರಟು, ಮತ್ತೂ 7 ದಿನ ಕಾದ ಮೇಲೆ ಹರಾಜು. ಹರಾಜಿನಲ್ಲಿ ಮಿಕ್ಕ ಹಣ ಒಡೆಯನದೇ. ಈ ಕಾಯಿದೆಯ ದೃಷ್ಟಿಯಲ್ಲಿ ದನವು ತಪ್ಪಿತಸ್ಥನಲ್ಲ. ದಂಡ ಬೀಳುವುದು ಅದನ್ನು ಕಟ್ಟಿಹಾಕದ ಒಡೆಯನಿಗೆ. ಹಾಲು ಕರೆದುಕೊಂಡು ಹಸುವನ್ನು ಬೀದಿಯ ಕಸದ ರಾಶಿಗೆ ಅಟ್ಟುವ ನಗರವಾಸಿಗೂ ಈ ನ್ಯಾಯ ಚೆನ್ನಾಗಿ ಒಪ್ಪುತ್ತದೆ.

ಸ್ವತಂತ್ರ ಭಾರತದ ಸಂವಿಧಾನವು ದೊಡ್ಡಿಯ ವಿಷಯವನ್ನು ರಾಜ್ಯಗಳ ಪಟ್ಟಿಯಲ್ಲಿಯೂ, ಪ್ರಾಣಿಹಿಂಸೆಯ ನಿವಾರಣೆಯನ್ನು ಕೇಂದ್ರ ರಾಜ್ಯಗಳೆರಡಕ್ಕೂ ಸೇರಿದ ಪಟ್ಟಿಯಲ್ಲಿಯೂ ಇಟ್ಟಿತು. 1992ರ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ಪುರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಅವುಗಳಲ್ಲಿ 15ನೆಯದು, ದನದ ದೊಡ್ಡಿಗಳು ಮತ್ತು ಪ್ರಾಣಿಹಿಂಸೆಯ ನಿವಾರಣೆ. ಹಿಡಿಯುವ ಕೈಯನ್ನೂ ಹಿಂಸೆಯನ್ನು ತಡೆಯುವ ಕೈಯನ್ನೂ ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಅಧಿಕಾರವೂ ಅದರ ಎಲ್ಲೆಯೂ ಕೂಡಿಯೇ ಬಂದಿವೆಯೆಂದು ಇದಕ್ಕೆ ತಾತ್ಪರ್ಯ.

ದನಕ್ಕೆ ಒಡೆಯನುಂಟು; ಬೀದಿಯ ನಾಯಿಗೆ ಯಾರು? ತೊಡಕೆಲ್ಲವೂ ಇಲ್ಲಿಯೇ. ಬಹುಕಾಲ ಇದಕ್ಕೆ ಕಂಡಿದ್ದ ಉಪಾಯ ಕೊಲ್ಲುವುದು. 1832ರ ಜೂನ್ ತಿಂಗಳಲ್ಲಿ ಮುಂಬಯಿಯ ಪೋಲೀಸಿನವರು ಬೀದಿಯ ನಾಯಿಗಳನ್ನು ಕೊಲ್ಲಿಸತೊಡಗಿದರು. ನಾಯಿಯನ್ನು ಪವಿತ್ರವೆಂದೆಣಿಸುವ ಪಾರ್ಸಿ ಜನರು ಕೆರಳಿದರು. ಗಲಭೆಯೆದ್ದು ನಗರದ ವ್ಯವಹಾರವೇ ನಿಂತಿತು. ಎರಡು ವರ್ಷಗಳ ತರುವಾಯ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯಿ ಮೊದಲಾದ ಶ್ರೀಮಂತರ ಔದಾರ್ಯದಿಂದ ಅಲ್ಲಿ ಪಿಂಜರಾಪೋಲು ಸ್ಥಾಪಿತವಾಯಿತು. ಜನರ ಮನಸ್ಸನ್ನು ಕೇಳದ ಆಜ್ಞೆಯು ನಗರವನ್ನೇ ಕದಡಿತು. ದಯೆಯಿದ್ದವರು ಹಣವನ್ನೂ ನೆಲೆಯನ್ನೂ ಒದಗಿಸಿದಾಗ ಆ ದಯೆಗೆ ಒಂದು ರೂಪ ಬಂದಿತು.

1960ರ ಪ್ರಾಣಿಹಿಂಸಾ ನಿವಾರಣಾ ಶಾಸನವಾದ ಮೇಲೂ ನಾಯಿಗಳ ಹತ್ಯೆ ಒಮ್ಮೆಗೇ ನಿಲ್ಲಲಿಲ್ಲ. 2001ರಲ್ಲಿ ಬಂದ ಸಂತಾನನಿಯಂತ್ರಣದ ನಿಯಮಗಳು ದಾರಿಯನ್ನು ತಿರುಗಿಸಿದುವು. 2023ರ ಮಾರ್ಚಿಯಲ್ಲಿ ಅವುಗಳಿಗೆ ಬದಲಾಗಿ ಹೊಸ ನಿಯಮಗಳು ಬಂದುವು. ಅವುಗಳಂತೆ ಬೀದಿಯ ನಾಯಿಯನ್ನು ಹಿಡಿದು, ಶಸ್ತ್ರಕ್ರಿಯೆ ಮಾಡಿಸಿ, ಲಸಿಕೆ ಹಾಕಿ, ಗುರುತಿಗಾಗಿ ಕಿವಿಯನ್ನು ಕಚ್ಚುಮಾಡಿ, ಹಿಡಿದ ಸ್ಥಳದಲ್ಲಿಯೇ ಬಿಡುವುದು ಸ್ಥಳೀಯಾಡಳಿತದ ಹೊಣೆ. ಸಾಕಿದ ನಾಯಿಗೆ ಲಸಿಕೆ ಮೊದಲಾದುವನ್ನು ಮಾಡಿಸುವುದು ಸಾಕಿದವರ ಹೊಣೆ. ಹಿಡಿದುದನ್ನು ಮತ್ತೆ ಬಿಡುವುದು ಮೇಲುನೋಟಕ್ಕೆ ಅವಿವೇಕವೆನಿಸಬಹುದು. ಆದರೆ ಬೀದಿಯಲ್ಲಿ ಎಂಜಲೂ ಕಸವೂ ಇರುವವರೆಗೆ, ತೆರವಾದ ಜಾಗಕ್ಕೆ ಬೇರೆ ನಾಯಿಗಳು ಬಂದೇ ಬರುವುವು. ಅವುಗಳಿಗೆ ಲಸಿಕೆಯೂ ಆಗಿರುವುದಿಲ್ಲ. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಹರಡಿಕೆ ಕಡಿಯುತ್ತದೆಂದು ವೈದ್ಯರ ಮತ.

ಆದರೂ ಕಚ್ಚಿಸಿಕೊಂಡ ಕೂಸಿನ ತಾಯಿಗೆ ಈ ತರ್ಕ ಸಮಾಧಾನ ಕೊಡದು. ಆಕೆಯ ಕೋಪವೂ ನ್ಯಾಯವೇ. 2025ರಲ್ಲಿ ಈ ಎರಡು ನ್ಯಾಯಗಳೂ ಸುಪ್ರೀಂ ಕೋರ್ಟಿನಲ್ಲಿ ಮುಖಾಮುಖಿಯಾದುವು. ಆಗಸ್ಟ್ 11ರಂದು, ದೆಹಲಿ ಪ್ರಾಂತದ ಬೀದಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಆಜ್ಞೆಯಾಯಿತು. ಹನ್ನೊಂದೇ ದಿನಗಳಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಾಧೀಶರ ಪೀಠವು ಅದನ್ನು ಮಾರ್ಪಡಿಸಿ, ಹುಚ್ಚು ಹಿಡಿದ ಮತ್ತು ಆಕ್ರಮಿಸುವ ನಾಯಿಗಳನ್ನುಳಿದು ಮಿಕ್ಕವನ್ನು ಲಸಿಕೆಯ ನಂತರ ಸ್ವಸ್ಥಾನಕ್ಕೆ ಬಿಡಬೇಕೆಂದೂ, ಅನ್ನವಿಡುವುದಕ್ಕೆ ಪುರಸಭೆಗಳು ಸ್ಥಳಗಳನ್ನು ಗೊತ್ತುಮಾಡಬೇಕೆಂದೂ ವಿಧಿಸಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ಸು ರೈಲುಗಳ ನಿಲ್ದಾಣ ಮೊದಲಾದ ಸ್ಥಳಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡಕೂಡದೆಂದು ಆಜ್ಞಾಪಿಸಿತು. ಮಗುವಿನ ರಕ್ಷಣೆ, ಮೂಕಪ್ರಾಣಿಯ ರಕ್ಷಣೆ, ಇವೆರಡರ ನಡುವಣ ಗೆರೆಯನ್ನು ಸ್ಥಳ ನೋಡಿ ಎಳೆಯಬೇಕಾಯಿತು.

ಗೆರೆಯನ್ನು ಕೋರ್ಟು ಎಳೆಯಬಹುದು. ಅದನ್ನು ಪ್ರತಿದಿನ ಕಾಯುವವರು ಯಾರು? ಬೆಂಗಳೂರಿನ ಅಂದಿನ ಮಹಾನಗರ ಪಾಲಿಕೆಯು 2023ರಲ್ಲಿ ಎಣಿಕೆ ಮಾಡಿಸಿದಾಗ ಬೀದಿಯ ನಾಯಿಗಳ ಸಂಖ್ಯೆ ಸುಮಾರು 2 ಲಕ್ಷ 79 ಸಾವಿರವೆಂದು ಕಂಡಿತು. 2019ರಲ್ಲಿ ಅದು ಸುಮಾರು 3 ಲಕ್ಷ 10 ಸಾವಿರವಾಗಿತ್ತು. ಬಿಡದೆ ನಡೆಸಿದರೆ ಕೆಲಸ ಫಲಿಸುತ್ತದೆ ಎಂಬುದಕ್ಕೆ ಇದು ಸೂಚನೆ. ಎಷ್ಟು ಮೆಲ್ಲಗೆ ಫಲಿಸುತ್ತದೆ ಎಂಬುದಕ್ಕೂ ಸೂಚನೆಯೇ. ಒಂದು ವರ್ಷ ಹಣವಿಲ್ಲವೆಂದು ಕೈಬಿಟ್ಟರೆ ಹಿಂದಿನ ವರ್ಷಗಳ ಶ್ರಮ ನೀರಿನಲ್ಲಿ ಹೋಮಮಾಡಿದಂತೆ.

ನಮ್ಮ ಅಭಿಪ್ರಾಯವನ್ನು ಒಂದು ಮಾತಿನಲ್ಲಿ ಹೇಳಬಹುದು. ಊರಾಡಳಿತದ ಈ ಅಧಿಕಾರವು ಹೆಸರಿಗೆ ಪ್ರಾಣಿಗಳ ಮೇಲಿನದು. ನಿಜವಾಗಿ ಅದು ಮನುಷ್ಯರ ಮೇಲಿನದು. ಹಸುವನ್ನು ಬೀದಿಗೆ ಬಿಟ್ಟವನು, ಮರಿಯನ್ನು ಮುದ್ದಿಗೆ ತಂದು ಬೆಳೆದ ಮೇಲೆ ಊರಾಚೆ ಬಿಟ್ಟು ಬಂದವನು, ಎಂಜಲೆಲೆಯನ್ನು ಮೂಲೆಗೆಸೆದವನು, ಇವರನ್ನು ಬಿಟ್ಟು ಬಲೆಯನ್ನು ನಾಯಿಗೆ ಮಾತ್ರ ಬೀಸಿದರೆ ಪ್ರಯೋಜನವಿಲ್ಲ. ಒಡೆಯನಿಲ್ಲದ ನಾಯಿಗೆ ಇಡೀ ಬೀದಿಯೇ ಒಡೆಯ. ಅನ್ನವಿಡುವ ಕೈ ಲಸಿಕೆ ಹಾಕಿಸುವ ಭಾರವನ್ನೂ ಹೊರಲಿ. ದೂರು ಬರೆಯುವ ಕೈ ಮನೆಯ ಕಸವನ್ನು ಗಾಡಿಯವನ ಬುಟ್ಟಿಗೇ ಹಾಕಲಿ. ನಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗಳಿಗೆ ಲಸಿಕೆಯಾಗಿದೆಯೆಂದು ಸದಸ್ಯರನ್ನು ಕೇಳುವ ಅಭ್ಯಾಸ ನಮಗೆ ಬಂದ ದಿನ, ಕಾಯಿದೆಯ ಪುಸ್ತಕದಲ್ಲಿರುವ ಅಧಿಕಾರವು ಬೀದಿಗಿಳಿದು ಬರುತ್ತದೆ. ಅದುವರೆಗೂ ನಮ್ಮ ಜವಾನನಂಥವರ ತಿಳಿವಳಿಕೆಯೊಂದೇ ನಮ್ಮ ಮಕ್ಕಳಿಗೆ ರಕ್ಷೆ.