ವೆಲ್ಡಿಂಗ್ ಕೆಲಸಕ್ಕೆ ಎಂಥ ಬಟ್ಟೆ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣ)



ಟ್ರ್ಯಾಕ್ಟರ್ ಟ್ರೈಲರ್, ಕಿಟಕಿ ಗ್ರಿಲ್, ಗೇಟು, ಅಡಿಕೆ ಸುಲಿಯೋ ಯಂತ್ರದ ರಿಪೇರಿ – ನಮ್ಮ ಕಡೆ ವೆಲ್ಡಿಂಗ್ ಅಂಗಡಿ ಇಲ್ಲದೆ ಯಾವ ಕೆಲಸವೂ ನಡೆಯಲ್ಲ. ಅಲ್ಲಿ ದುಡಿಯೋರು ಹೆಚ್ಚಾಗಿ ನಮ್ಮ ಮನೆ ಗಂಡಸರು, ಮಕ್ಕಳು. ಅವರ ಬಟ್ಟೆ ಒಗೆಯೋರು, ಹರಿದದ್ದು ಹೊಲಿಯೋರು ನಾವು. ಅದಕ್ಕೇ ಈ ವಿಷಯ ಇಲ್ಲಿ ಎತ್ತಿದ್ದೇವೆ.

ಹಳೇದಾಯ್ತು ಅಂತ ಟೆರಿಕಾಟ್ ಪ್ಯಾಂಟು, ಪಾಲಿಯೆಸ್ಟರ್ ಟೀ-ಶರ್ಟನ್ನು ಕೆಲಸಕ್ಕೆ ಹಾಕ್ಕೊಂಡು ಹೋಗೋದು ರೂಢಿ. ಇದೇ ಅಪಾಯ. ದಪ್ಪ ಹತ್ತಿ ಬಟ್ಟೆ ಮೇಲೆ ಕಿಡಿ ಬಿದ್ದರೆ ಸಾಮಾನ್ಯವಾಗಿ ಒಂದು ತೂತು ಬೀಳುತ್ತೆ, ಅಷ್ಟೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಉಕ್ಕು ಕರಗಲು 1500 ಡಿಗ್ರಿ ಹತ್ತಿರ ಬೇಕು ಅಂದಮೇಲೆ, ಆ ಹನಿ ಸಿಡಿದರೆ ಏನಾದೀತು ನೀವೇ ಯೋಚಿಸಿ.

ಅಂಗಡಿಯವರು 'ಕಾಟನ್' ಅಂದ ಮಾತ್ರಕ್ಕೆ ನಂಬಬೇಡಿ. ಬಟ್ಟೆಯ ಒಳ ಅಂಚಿನಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಎಳೆ ತೆಗೆಯಿರಿ. ಹೊಲಿಗೆ ದಾರ ಬೇಡ. ಚಿಮುಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾದರೆ ಹತ್ತಿ. ಮುದುಡಿ, ತುದಿಯಲ್ಲಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್ ಸೇರಿದೆ ಅಂತಲೇ ಲೆಕ್ಕ. ಖಾಕಿಯನ್ನೂ ಹೀಗೇ ನೋಡಿ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆ ಜಿಲ್ಲೆಯವರೇ ಹತ್ತಿ ಬಟ್ಟೆಗೆ ಪರೀಕ್ಷೆ ಮಾಡೋ ಕಾಲ ಬಂತು!

ತುಂಬುತೋಳು ಇರಲಿ, ಕುತ್ತಿಗೆ ಗುಂಡಿ ಹಾಕಿರಲಿ. ವೆಲ್ಡಿಂಗ್ ಬೆಳಕಿನ ನೇರಳಾತೀತ ಕಿರಣ ಬಿಸಿಲಿನಂತೆಯೇ ಚರ್ಮ ಸುಡುತ್ತೆ. ಈ ಕಿರಣವೂ ವೆಲ್ಡಿಂಗ್ ಹೊಗೆಯೂ ಕ್ಯಾನ್ಸರ್ ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಹೇಳಿದೆ. ಬಾಯಿಗೆ ಕಟ್ಟೋ ಕರ್ಚೀಫು ಹೊಗೆ ತಡೆಯಲ್ಲ. ಪ್ಯಾಂಟಿನ ಕಾಲು ಮಡಚಬಾರದು, ಮಡಿಕೆಯಲ್ಲಿ ಕಿಡಿ ಕೂರುತ್ತೆ. ಎದೆ ಜೇಬಿಗೆ ಮುಚ್ಚಳ ಹೊಲಿದುಕೊಡಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಚರ್ಮದ ಶೂ ಹಾಕಿ, ಪ್ಯಾಂಟು ಅದರ ಮೇಲೆ ಇಳಿದಿರಲಿ. ಬೆವರಿಗೆ ಒದ್ದೆಯಾದ ಅಂಗಿ, ಕೈಗವಸಿನಿಂದ ಕರೆಂಟ್ ಹೊಡೆಯೋ ಭಯ ಹೆಚ್ಚು. ಇನ್ನೊಂದು ಒಣ ಜೊತೆ ಕಟ್ಟಿಕೊಡಿ.

ನಮ್ಮಲ್ಲೇ ಯಾರಾದರೂ ಈ ಕೆಲಸ ಕಲಿತರೆ ಸೆರಗು, ವೇಲು ಬಿಟ್ಟು ಹತ್ತಿಯ ಪ್ಯಾಂಟು-ಶರ್ಟು ಹಾಕಲಿ. ಜಡೆ ಸುತ್ತಿ ಹತ್ತಿ ಬಟ್ಟೆ ಕಟ್ಟಿಕೊಳ್ಳಲಿ. ನೋಡಿದವರು ನಕ್ಕರೆ ನಗಲಿ.

ಬಟ್ಟೆ ಕರಗಿ ಮೈಗೆ ಅಂಟಿದರೆ ಕೀಳಬೇಡಿ. 20 ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಕು, ಟೂತ್‌ಪೇಸ್ಟ್ ಬಳಿಯಬೇಡಿ.

ಇನ್ನು ಸಾಲದ ಮಾತು. ವೆಲ್ಡಿಂಗ್ ಮಷೀನಿಗೆ ಅಂತ ಸಂಘದಲ್ಲಿ ಅರ್ಜಿ ಬಂದರೆ ಖರ್ಚಿನ ಪಟ್ಟಿ ಓದಿ. ಚರ್ಮದ ಏಪ್ರನ್, ಉದ್ದ ಕೈಗವಸು, ಮುಖದ ಶೀಲ್ಡು ಅದರಲ್ಲಿ ಇಲ್ಲದಿದ್ದರೆ, ಸೇರಿಸಿ ಬರೆದು ತನ್ನಿ ಅಂತ ವಾಪಸ್ ಕೊಡಿ.