ಅಡಕೆಯೊಳಗಿನ ಅರೆಕೋಲೀನ್
(ಶಾಲೆಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಾಸರಗೋಡು ಸೀಮೆಯಲ್ಲಿ ಅಡಕೆಯನ್ನು ಅರಿಯದವರಿಲ್ಲ. ಅದರೊಳಗಿನ ಅರೆಕೋಲೀನ್ ಎಂಬ ಉತ್ತೇಜಕವನ್ನು ಅರಿತವರು ವಿರಳ.

ಅರೆಕೋಲೀನ್ ಒಂದು ಸಸ್ಯಕ್ಷಾರ. 8 ಇಂಗಾಲ, 13 ಜಲಜನಕ, 1 ಸಾರಜನಕ, 2 ಆಮ್ಲಜನಕ ಪರಮಾಣುಗಳು ಸೇರಿ ಇದರ ಅಣುವಾಗಿದೆ. ನಮ್ಮ ನರಗಳಲ್ಲಿ ಸಂದೇಶವೊಯ್ಯುವ ಅಸಿಟೈಲ್‌ಕೋಲೀನನ್ನು ಇದು ಅನುಕರಿಸುತ್ತದೆ. ಆದುದರಿಂದಲೇ ತಾಂಬೂಲ ಮೆದ್ದೊಡನೆ ಬಾಯಲ್ಲಿ ನೀರೂರುವುದು, ಮೈ ಬೆವರುವುದು, ಮನಸ್ಸು ಚುರುಕಾಗುವುದು. ಸುಣ್ಣದ ಸಂಪರ್ಕದಿಂದ ಇದರ ಒಂದಂಶವು ಅರೆಕೈಡೀನ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ.

ಹಿಂದೆ ಪಶುವೈದ್ಯರು ನಾಯಿಗಳ ಲಾಡಿಹುಳುಗಳನ್ನು ಹೊರಹಾಕಲು ಇದನ್ನು ಕೊಡುತ್ತಿದ್ದರು. ಇದರ ರಚನೆಯನ್ನು ಅನುಸರಿಸಿ ರಸಾಯನಜ್ಞರು ರೂಪಿಸಿದ ಝನೋಮೆಲೀನ್, ಟ್ರೋಸ್ಪಿಯಂ ಎಂಬ ಮತ್ತೊಂದು ಔಷಧದೊಡನೆ ಕೂಡಿ, 2024ರಲ್ಲಿ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಚಿಕಿತ್ಸೆಗೆ ಅಂಗೀಕೃತವಾಯಿತು.

ಔಷಧಕ್ಕೆ ಅಳತೆಯುಂಟು, ಜಗಿಯುವ ಚಟಕ್ಕೆ ಅಳತೆಯೆಲ್ಲಿ? ಹೊಗೆಸೊಪ್ಪು ಬೆರೆಸದ ಅಡಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿತು. ಅಡಕೆಯು ನಮ್ಮ ಮನೆಗಳಿಗೆ ಅನ್ನವಿತ್ತ ಬೆಳೆ. ಎಷ್ಟೋ ಮಕ್ಕಳ ವಿದ್ಯೆಗೆ ಆಧಾರವಾದ ಬೆಳೆ. ಆ ಋಣವನ್ನು ನಾವು ಮರೆಯಲಾರೆವು. ಆದರೆ ಅದನ್ನು ಮಕ್ಕಳ ಬಾಯಿಗಿಡಬೇಕಾಗಿಲ್ಲ. ಮದುವೆಮನೆಯ ಹರಿವಾಣದಲ್ಲಿ ಅದು ಶೋಭಿಸಲಿ. ಶಾಲೆಯ ಚೀಲದಲ್ಲಿ ಬೇಡ.

ಇಷ್ಟನ್ನು ಅರಿಕೆ ಮಾಡಿ ವಿರಮಿಸುತ್ತೇವೆ.